ಒಂದು ಖಾನಾವಳಿ, ಓಣಿ ತುಂಬ ಒಲೆ

ಮೊನ್ನೆ ವಾಡಿಗೆ ಹೋದಾಗ ನನ್ನ ತಂಗಿ ನೀಲಮ್ಮ ಹಿಟ್ಟಿನ ಬುಟ್ಟಿ ಮುಂದಿಟ್ಟುಕೊಂಡು ಅಳುತ್ತ ಕೂತಿದ್ದಳು. ತಪ್ಪು ಅವಳದೇ. ಓಣಿಯ ಹೆಂಗಸರಿಗೆ ಕೂಲಿ ಕೊಡುತ್ತೇನೆ ಅಂದುಬಿಟ್ಟಿದ್ದಳು!

ಗಂಡ ತೀರಿಕೊಂಡ ಮೇಲೆ ಅವಳು ಸ್ಟೇಷನ್ ಹತ್ತಿರ ಖಾನಾವಳಿ ತೆರೆದಿದ್ದಾಳೆ. (ಬೇಡ ಎಂದವರಲ್ಲಿ ನಾನೇ ಮೊದಲಿಗ.) ಗಿರಾಕಿ ಅಷ್ಟಕ್ಕಷ್ಟೇ. ಬಾಗಿಲು ಹಾಕಿ ಚಿತ್ತಾಪುರಕ್ಕೆ, ನಮ್ಮ ಮನೆಗೇ ಬಂದುಬಿಡುವ ಯೋಚನೆಯಲ್ಲಿದ್ದಳು. ಅಷ್ಟರಲ್ಲಿ ಶಹಾಬಾದಿನ ಕಲ್ಲುಗಣಿಯ ಗುತ್ತೇದಾರರೊಬ್ಬರ ಆರ್ಡರ್ ಬಂತು. ಗಣಿಯವರಿಗೆಲ್ಲ ಖಡಕ್ ಜೋಳದ ರೊಟ್ಟಿ, ಮರುದಿನ ಬೆಳಗಿನ ಗಾಡಿಗೆ. ಸರಿಹೋದರೆ ವಾರವಾರವೂ.

ಒಂದು ಒಲೆ, ಎರಡು ಕೈ. ಆಗುವ ಮಾತೇ?

ನಮ್ಮ ಕಡೆ ಮದುವೆಮನೆಯ ರೊಟ್ಟಿಯನ್ನು ಒಬ್ಬರೇ ಬಡಿಯುವುದಿಲ್ಲ. ಹಿಟ್ಟು ಓಣಿಯ ಮನೆಮನೆಗೆ ಹೋಗುತ್ತದೆ, ರೊಟ್ಟಿಯಾಗಿ ಮರಳುತ್ತದೆ. ನೀಲಮ್ಮನೂ ಹೆಂಗಸರನ್ನು ಕರೆದಳು. ಅವರು ಹಿಟ್ಟು ತುಂಬಿಕೊಳ್ಳುತ್ತಿದ್ದಾಗಲೇ ಕೂಲಿಯ ಮಾತೆತ್ತಿದಳು. ಎಲ್ಲರೂ ಹಿಟ್ಟನ್ನು ವಾಪಸ್ ಸುರಿದು ಹೊರಟರು.

ಪಕ್ಕದ ಮನೆಯ ಕಾಶೀಬಾಯಿ ಬಾಗಿಲಲ್ಲಿ ತಿರುಗಿ ನಿಂತು ಕೇಳಿದಳಂತೆ: "ನನ್ನ ಮಗಳ ಮದುವ್ಯಾಗ ಕುಂತು ರೊಟ್ಟಿ ಬಡದಿದ್ದಿ. ನಾ ನಿನಗ ಕೂಲಿ ಕೊಟ್ಟಿದ್ನೇನವಾ?"

ಆಳು ಹುಡುಕೋಣ ಎಂದು ನಾನು ಸಲಹೆ ಕೊಟ್ಟೆ. (ಸಲಹೆಗೇನು ಖರ್ಚು?) ನೀಲಮ್ಮ ಕೇಳಲಿಲ್ಲ. ಕಣ್ಣೊರೆಸಿಕೊಂಡು, ಬುಟ್ಟಿಯನ್ನು ಸೊಂಟದ ಮೇಲಿಟ್ಟು ಮೊದಲು ಕಾಶೀಬಾಯಿಯ ಮನೆಗೇ ಹೋದಳು.

"ತಪ್ಪಾತಕ್ಕಾ. ನಿನ್ನ ತಂಗಿ ಮನಿ ಕೆಲಸ ಅಂತ ಮಾಡಿಕೊಡು."

ಸಂಜೆಯ ಹೊತ್ತಿಗೆ ಓಣಿ ತುಂಬ ರೊಟ್ಟಿ ಬಡಿಯುವ ಸದ್ದು! ನನಗೆ ಹೋದ ಜೀವ ಬಂದಂತಾಯಿತು. ಬೆಳಗಿನ ಗಾಡಿಗೆ ರೊಟ್ಟಿ ಹೊರಟಿತು. ಗುತ್ತೇದಾರರು ವಾರವಾರವೂ ಕಳಿಸಿ ಎಂದರು.

ಸರಿ, ಆದರೆ ವಾರವಾರವೂ ಓಣಿಯವರು ಪುಕ್ಕಟೆ ದುಡಿಯಬೇಕೇ? ಈ ಪ್ರಶ್ನೆ ನನಗಿಂತ ಮೊದಲು ನೀಲಮ್ಮನಿಗೇ ಹೊಳೆದಿತ್ತು. ಎಲ್ಲರನ್ನೂ ಕೂರಿಸಿ, ಈ ಸಲ ಹೆದರುತ್ತಲೇ ಕೇಳಿದಳು: "ಕೂಲಿ ಬ್ಯಾಡಂದ್ರಿ. ಬಂದ ರೊಕ್ಕದಾಗ ಪಾಲರೆ ತಗೋತೀರಿಲ್ರಿ?"

ಕಾಶೀಬಾಯಿ ಮುಂದಿನ ವಾರದ ಹಿಟ್ಟಿಗೆ ತನ್ನ ಬುಟ್ಟಿ ಮುಂದೆ ಮಾಡಿದಳು.

ಬಾಗಿಲು ಹಾಕಲು ಹೊರಟಿದ್ದವಳು ಈಗ ಸೇಡಂನಲ್ಲೂ ಒಂದು ಖಾನಾವಳಿ ಇಟ್ಟರೆ ಹೇಗೆ ಎನ್ನುತ್ತಿದ್ದಾಳೆ. ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ನನ್ನನ್ನು ಕೇಳುವವರಿಗೆ ನನ್ನದೂ ಒಂದು ಪ್ರಶ್ನೆ: ನೀವು ಪಕ್ಕದ ಮನೆಯ ಒಲೆಯ ಮುಂದೆ ಕೂತು ಎಷ್ಟು ದಿನವಾಯಿತು?