ಹೆಸರು ಮುಚ್ಚಿ ಕೊಟ್ಟ ಎರಡು ಅಂಕ

2025ರ ಫೆಬ್ರವರಿ 4, ಮಂಗಳವಾರ, ಬೆಳಿಗ್ಗೆ 11.20ಕ್ಕೆ ರಾಯಚೂರಿನ ನಮ್ಮ ಮಾಸಪತ್ರಿಕೆಯ ಕಚೇರಿಗೆ ತಾಯಿ-ಮಗ ಬಂದರು. ನಾನು ಉಪಸಂಪಾದಕಿಯಾಗಿ ಸೇರಿ ಎಂಟು ತಿಂಗಳಾಗಿತ್ತು. ನಾಗರಿಕ ಹಕ್ಕುಗಳ ಬಗ್ಗೆ ಜನಪ್ರತಿನಿಧಿಗಳು ಆಡಿದ ಮಾತಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವ ಅಂಕಣ ನನ್ನದು. ಸಮಾನತೆ, ಘನತೆ, ಸತ್ಯ ಇವೇ ಅಳತೆ. ಜಾತಿ, ಪಕ್ಷ ನೋಡಿ ಕೈ ವಾಲಬಾರದೆಂದು ಆಡಿದವರ ಹೆಸರು ಮುಚ್ಚಿ ನನಗೆ ಕೊಡುತ್ತಿದ್ದರು, ಅಚ್ಚಾಗುವಾಗ ಸೇರಿಸುತ್ತಿದ್ದರು.

ಆ ತಿಂಗಳ ಎರಡು ಹೇಳಿಕೆಗಳೂ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಕಡೆಯ ಒಂದೇ ಊರಿನ ಬಗ್ಗೆ. ಅಲ್ಲಿ ದಲಿತರ ಮದುವೆ ಮೆರವಣಿಗೆ ಮುಖ್ಯ ಬೀದಿಯಲ್ಲಿ ಹೋಗಿದ್ದೇ ಇರಲಿಲ್ಲ. “ಬೀದಿ ಎಲ್ಲರದು, ಯಾರ ಅಪ್ಪಣೆಯೂ ಬೇಕಿಲ್ಲ” ಎಂಬುದಕ್ಕೆ ಒಂಬತ್ತು ಕೊಟ್ಟಿದ್ದೆ. “ಈ ಸಲ ಊರ ಹಿಂದಿನ ದಾರಿಯಲ್ಲೇ ಹೋಗೋಣ, ಗದ್ದಲ ಬೇಡ” ಎಂಬುದಕ್ಕೆ ಎರಡು. ಮೊದಲನೆಯದು ಬೇರೆ ತಾಲ್ಲೂಕಾದ ಮಾನ್ವಿಯ ಮುಖಂಡರೊಬ್ಬರದು. ಎರಡನೆಯದು ಆ ಊರಿನ ಪಂಚಾಯಿತಿ ಅಧ್ಯಕ್ಷೆ, ದಲಿತ ಸಮುದಾಯದ ಹುಲಿಗೆಮ್ಮ ಅವರದು. ಮದುವೆ ಅವರ ಮಗ ಮೌನೇಶನದೇ.

“ಎರಡು ಹಾಕಿದ ಮೇಡಮ್ಮೋರು ನೀವೇನ್ರೀ?” ಎಂದು ಹುಲಿಗೆಮ್ಮ ಕೇಳಿದರು. “ನಿಮ್ಮ ಪೇಪರ್ ಓದಿ ಇವ ದೊಡ್ಡ ಬೀದ್ಯಾಗ ಹೋಗೇ ಹೋಗ್ತೀನಿ ಅಂತ ಕುಂತಾನ. ಐತವಾರ ಮದಿವಿ. ಕಲ್ಲು ಬಿದ್ರ ಮಾನ್ವಿ ಸಾಹೇಬ್ರ ತಲಿ ಮ್ಯಾಲ ಬೀಳ್ತದೇನು?”

“ಅವ್ವಗ ಎರಡೂ ಜಾಸ್ತಿ ಆದವ್ರೀ,” ಎಂದು ಮೌನೇಶ ನಕ್ಕ.

“ಲೇ, ಬಾಯಿ ಮುಚ್ಚು. ಮೇಡಮ್ಮೋರ, ತಪ್ಪಾತು ಅಂತ ಒಂದು ಚೀಟಿ ಬರ್ಕೊಡ್ರಿ. ಇವ ನನ್ನ ಮಾತು ಕೇಳಂಗಿಲ್ಲ, ನಿಮ್ಮದು ಕೇಳ್ತಾನ.”

“ಬರೀಬ್ಯಾಡ್ರಿ ಮೇಡಂ. ನಮ್ಮಪ್ಪನೂ ತನ್ನ ಮದಿವ್ಯಾಗ ಹಿಂದಿನ ದಾರ್ಯಾಗ ಹೋದಾವ.”

ಸಂಪಾದಕರನ್ನು ಕೇಳಿದೆ. “ಅಂಕ ಹಾಕಿದವರು ನೀವು, ನೀವೇ ನೋಡ್ರಿ” ಎಂದರು. ನಾನು ಬರೆದುಕೊಡಲಿಲ್ಲ, ಕೊಡುವುದಿಲ್ಲವೆಂದೂ ಹೇಳಲಿಲ್ಲ. ಒಂದು ಗಂಟೆ ಕಾದು ಅವರು ದೇವದುರ್ಗದ ಬಸ್ಸು ಹಿಡಿದರು.

ಭಾನುವಾರ ಪೊಲೀಸರ ಕಾವಲಿನಲ್ಲಿ ಮೆರವಣಿಗೆ ಮುಖ್ಯ ಬೀದಿಯಲ್ಲೇ ಹೋಯಿತು. ಕಲ್ಲು ಬೀಳಲಿಲ್ಲ. ಹುಲಿಗೆಮ್ಮ ಎಲ್ಲರಿಗಿಂತ ಮುಂದೆ ನಡೆದರಂತೆ. ಮರುದಿನದಿಂದ ಮೇಲ್ಜಾತಿಯ ಹೊಲದೊಡೆಯರು ಅವರ ಓಣಿಯ ಯಾರನ್ನೂ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಕರೆಯಲಿಲ್ಲ. ನಾನು ಹುಲಿಗೆಮ್ಮನವರಿಗೆ ಫೋನ್ ಮಾಡಿದೆ.

“ಹೋಗಿದ್ದು ಚಲೋ ಆತ್ರೀ,” ಎಂದರು. “ನಾ ಹೇಳಿದ್ದೂ ಸುಳ್ಳಾಗಲಿಲ್ಲ. ಈಗ ಎಷ್ಟು ಹಾಕ್ತೀರಿ?”

ಹಿಂದಿನ ದಾರಿಯ ಆ ಮಾತನ್ನು ಬೀದಿ ತಡೆಯುವವರು ಆಡಿದ್ದರೆ ಎರಡೂ ಹೆಚ್ಚೇ. ಪೆಟ್ಟು ತಿನ್ನಬೇಕಾದವರು ಆಡಿದಾಗ? ಅವರ ಭಯಕ್ಕೆ ಅಂಕ ಕೂಡಿಸಿದರೆ ನಾಳೆ ತಡೆಯುವವರೂ ತಮಗೂ ಭಯವೆನ್ನುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಈಗ ಮೊದಲು ಹೆಸರು ಕೇಳುತ್ತೇನೆ. ಕೇಳಿದ ಮೇಲೆ ಕೈ ಓಡುವುದಿಲ್ಲ. ಇಂಥ ಮಾತು ಆಡಬೇಕಾಗಿ ಬಂದವರು, ಅದನ್ನು ಮೀರಿ ನಡೆದವರು ನಿಮ್ಮಲ್ಲಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ನೀವಾಗಿದ್ದರೆ ಎಷ್ಟು ಕೊಡುತ್ತಿದ್ದಿರಿ, ಏಕೆ ಎಂಬುದನ್ನೂ ತಿಳಿಸಿ.