ಅವ್ವನ ಕಾಲ್ಗುಣ

ನನ್ನ ಕಾಲಿನ ಕಾಯಿಲೆಗೆ ಕಡೆಗೂ ಒಂದು ಹೆಸರು ಸಿಕ್ಕಿತು. ಡಿಎನ್‌ಎಜೆಬಿ ಆರು. ಅದು ಕಾಯಿಲೆಯ ಹೆಸರಲ್ಲ, ಕೆಟ್ಟಿರುವ ಜೀನಿನ ಹೆಸರು ಎಂದು ಮೈಸೂರಿನ ಡಾಕ್ಟರಮ್ಮ ತಿದ್ದಿದರು. ಯಾವುದಾದರೇನು, ಕೇಳಿದರೆ ಲಾರಿಯ ನಂಬರಿನಂತಿದೆ. ಇಷ್ಟು ಕಾಲ ನಮ್ಮ ಮನೆಯವರ ತೊಡೆಗಳನ್ನು ತಿಂದದ್ದು ಇಂಥ ಸಪ್ಪೆ ಹೆಸರಿನದೇ ಎಂದು ನನಗೆ ಸಿಟ್ಟೇ ಬಂತು.

ನಂಜನಗೂಡಿನಲ್ಲಿ ನನ್ನದೊಂದು ಪುಟ್ಟ ಅಂಗಡಿ. ರವಿಕೆ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಮೂವತ್ತೈದು ದಾಟಿದ ಮೇಲೆ ಸ್ಟೂಲಿನಿಂದ ಏಳುವುದು ಕಷ್ಟವಾಯಿತು. ಎರಡೂ ಕೈ ತೊಡೆಗೆ ಊರಿ, ನನ್ನ ಮೈಯನ್ನೇ ನಾನು ಹತ್ತಿಕೊಂಡು ಮೇಲೇಳಬೇಕು. ಅಪ್ಪನೂ ಹಾಗೇ ಏಳುತ್ತಿದ್ದ. ಈಗ ಏಳುವುದೇ ಇಲ್ಲ, ಕವಲಂದೆಯ ಮನೆಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿರುತ್ತಾನೆ.

ಡಾಕ್ಟರಮ್ಮ ನನ್ನ ಕಸುಬು ಕೇಳಿಕೊಂಡೇ ವಿವರಿಸಿದರು. "ಜೀವಕೋಶದೊಳಗೆ ಪ್ರೋಟೀನ್ ಮೊದಲು ಉದ್ದ ದಾರದ ಥರ ತಯಾರಾಗುತ್ತೆ. ಸರಿಯಾಗಿ ಮಡಿಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತೆ. ಮದುಮಗಳಿಗೆ ಸೀರೆ ಉಡಿಸುವಾಗ ಒಬ್ಬರು ಕೆಳಗೆ ಕೂತು ನೆರಿಗೆ ಹಿಡಿದುಕೊಳ್ಳಲ್ವಾ? ಹಾಗೆ ಮಡಿಕೆ ತಪ್ಪದಂತೆ ನೋಡಿಕೊಳ್ಳೋಕೆ ಬೇರೆ ಪ್ರೋಟೀನ್‌ಗಳಿವೆ. ಅಂಥದ್ದೊಂದನ್ನ ಮಾಡಿಸೋ ಜೀನು ನಿಮ್ಮಲ್ಲಿ ಬದಲಾಗಿದೆ. ಮಡಿಕೆ ತಪ್ಪಿದ್ದೆಲ್ಲ ಸ್ನಾಯುವಿನಲ್ಲಿ ಗುಪ್ಪೆ ಬೀಳ್ತಾ ಹೋಗುತ್ತೆ."

ಅಪ್ಪನ ರಕ್ತದಲ್ಲೂ ಅದೇ ಬದಲಾವಣೆ ಸಿಕ್ಕಿತು. ಅವ್ವನದರಲ್ಲಿ ಇರಲಿಲ್ಲ. ವಾಸಿ ಮಾಡುವ ಮದ್ದು ಸದ್ಯಕ್ಕಿಲ್ಲ ಎಂದೂ ಹೇಳಿದರು. ಇಲ್ಲವೆಂದರೆ ಇಲ್ಲ. ಹೊಲಿಗೆ ಮಷಿನ್ನಿಗೆ ಮೋಟರು ಹಾಕಿಸಿದೆ, ಸ್ಟೂಲು ಎತ್ತರ ಮಾಡಿಸಿದೆ. ಆಸ್ಪತ್ರೆಯಿಂದ ಹೊರಬಿದ್ದಾಗ ನನಗೆ ಅಳು ಬಂದಿರಲಿಲ್ಲ, ಹುರುಪು ಬಂದಿತ್ತು. ಅವ್ವನಿಂದ ಬಂದದ್ದಲ್ಲ! ಬಂದಿದ್ದರೂ ಅದು ಅವಳ ತಪ್ಪಾಗುತ್ತಿರಲಿಲ್ಲ, ಹಾಗೆ ನೋಡಿದರೆ ಅಪ್ಪನದೂ ತಪ್ಪಲ್ಲ. ಆದರೆ ಸುಮ್ಮನೆ ಆಡಿಕೊಂಡ ಬಾಯಿಗಳಿಗೆ ಒಂದು ಉತ್ತರ ಬೇಕಿತ್ತು.

ಅವ್ವ ಮದುವೆಯಾಗಿ ಬಂದ ಕೆಲವೇ ವರ್ಷಕ್ಕೆ ಅಪ್ಪ ಗದ್ದೆಯ ಬದುವಿನ ಮೇಲೆ ಮುಗ್ಗರಿಸತೊಡಗಿದನಂತೆ. ಟಿ. ನರಸೀಪುರಕ್ಕೆ ಕೊಟ್ಟಿದ್ದ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಬಂದು ನೋಡಿದವಳೇ ತೀರ್ಪು ಕೊಟ್ಟಳು. "ಇವಳ್ ಕಾಲ್ಗುಣ ಕಣವ್ವ. ನನ್ ತಮ್ಮನ್ ಕಾಲ್ನೇ ತಿಂದ್ಬುಡ್ತು." ಅಲ್ಲಿಂದಾಚೆಗೆ ಹೊಸ ಎತ್ತು ಹಟ್ಟಿಗೆ ಬಂದರೆ ಅವ್ವ ಹಿತ್ತಲಿಗೆ ಹೋಗಬೇಕು. ನೆಂಟರ ಹೊಸ ಮನೆಗೆ ಹೋದರೆ ಅಪ್ಪನನ್ನು ಕುರ್ಚಿ ಸಮೇತ ಎತ್ತಿ ಒಳಗೊಯ್ಯುತ್ತಾರೆ. ಅವ್ವ ಎಲ್ಲರ ಚಪ್ಪಲಿಗಳ ಪಕ್ಕ ನಿಂತಿದ್ದು, ಪೂಜೆ ಊಟ ಎಲ್ಲ ಮುಗಿದ ಮೇಲೆ ಹಿಂಬಾಗಿಲಿನಿಂದ ಬರಬೇಕು. ಅಪ್ಪ ಒಂದು ದಿನವೂ ತುಟಿ ಬಿಚ್ಚಲಿಲ್ಲ. ತಾತನೂ ಕೊನೆಗಾಲದಲ್ಲಿ ತೆವಳುತ್ತಿದ್ದದ್ದು ಊರಿಗೆಲ್ಲ ಗೊತ್ತು, ಆದರೆ ಅದು ಕೆಸರುಗದ್ದೆಯ ವಾತವಂತೆ. ತಾತನಿಗಾದರೆ ವಾತ, ಅಪ್ಪನಿಗಾದರೆ ಅವ್ವನ ಕಾಲ್ಗುಣ! ಚೆನ್ನಾಗಿದೆ ನ್ಯಾಯ.

ಕಳೆದ ಬೇಸಿಗೆಯಲ್ಲಿ ಅತ್ತೆಯ ಮಗ ನರಸೀಪುರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದ. ರೂಢಿಯಂತೆ ಅಪ್ಪನ ಕುರ್ಚಿ ಎತ್ತಿ ಒಳಗೆ ಗೋಡೆಯ ಬದಿಗಿಟ್ಟರು, ಅವ್ವ ಶಾಮಿಯಾನದ ಅಂಚಿನಲ್ಲೇ ನಿಂತಳು. ನಾನು ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ನಡುಮನೆಯಲ್ಲಿ ಹೆಂಗಸರ ನಡುವೆ ದಿವಾನದ ಮೇಲೆ ಕೂತಿದ್ದ ಅತ್ತೆಯ ಎದುರಿಗೇ ಕೂತೆ. ಡಾಕ್ಟರಮ್ಮ ಹೇಳಿದ್ದನ್ನು ಒಂದೂ ಬಿಡದೆ ಒಪ್ಪಿಸಿದೆ. "ಒಳಗೆ ಪ್ರೋಟೀನಿನ ಮಡಿಕೆ ತಪ್ಪಿದೆಯಂತೆ ಅತ್ತೆ" ಎಂದೆ.

ಅತ್ತೆಯ ಕಿವಿಗೆ ಬಿದ್ದದ್ದು ಒಂದೇ ಮಾತು. "ಮಡಿ ತಪ್ಯದಾ? ತಪ್ಪದೆ ಇನ್ನೇನಮ್ಮಿ! ನಾನ್ ಅವತ್ತೇ ಏಳ್ನಿಲ್ವಾ? ನಿಮ್ಮವ್ವ ಮಡಿ ಮೈಲ್ಗೆ ನೋಡೋಳೇ ಅಲ್ಲ. ಈಗ ಡಾಕ್ಟ್ರೇ ಏಳವ್ರೆ, ಕೇಳ್ಸ್ಕಳ್ರವ್ವ!"

ಸುತ್ತ ಕೂತಿದ್ದವರು ಹೌದು ಹೌದೆಂದು ತಲೆ ಆಡಿಸಿದರು. ನನಗೆ ಉರಿದುಹೋಯಿತು. ಅವ್ವನ ಮೇಲಿನ ಅಪವಾದ ತೊಳೆಯಲೆಂದು ಹೊತ್ತು ತಂದ ಮಾತನ್ನೇ ಅತ್ತೆ ಕಿತ್ತುಕೊಂಡು ಅವ್ವನ ಮುಖಕ್ಕೆ ಮೆತ್ತಿದ್ದಳು.

"ಮಡಿ ಅಲ್ಲ ಅತ್ತೆ, ಮಡಿಕೆ! ಸೀರೆ ಮಡಿಚ್ತೀವಲ್ಲ, ಆ ಮಡಿಕೆ. ನಮ್ಮವ್ವನ ರಕ್ತದಲ್ಲಿ ಅದಿಲ್ಲ. ಅಪ್ಪನಲ್ಲಿದೆ. ತಾತನಿಂದ ಬಂದಿರಬೇಕು."

"ಸತ್ತೋಗಿರೋ ನಮ್ಮಪ್ಪನ್ನ ಅಂತೀಯಾ? ಏಳಮ್ಮಿ ಇಲ್ಲಿಂದ!" ಎಂದು ಅತ್ತೆ ಸಿಟ್ಟಿನಿಂದ ತಾನೇ ಏಳಹೋದಳು. ಒಮ್ಮೆಗೆ ಆಗಲಿಲ್ಲ. ಎರಡೂ ಕೈ ತೊಡೆಗೆ ಊರಿದಳು. ಮೊದಲು ಸೊಂಟ ಎದ್ದಿತು, ಆಮೇಲೆ ಕೈಗಳು ತೊಡೆಯ ಮೇಲೆ ಒಂದೊಂದಾಗಿ ಹತ್ತಿದವು. ಸೊಸೆ ಓಡಿ ಬಂದು ರಟ್ಟೆ ಹಿಡಿದಳು. ಅತ್ತೆಯದು ಮಂಡಿನೋವು ಎಂದು ಇಷ್ಟು ದಿನ ಎಲ್ಲರಂತೆ ನಾನೂ ನಂಬಿದ್ದೆ. ಅವಳಲ್ಲೂ ಇದೆ ಎಂದು ಹೇಳಲು ನಾನು ಡಾಕ್ಟರಲ್ಲ, ಆದರೆ ಹಾಗೆ ಏಳುವುದು ಏನೆಂದು ನನ್ನ ಮೈಗೆ ಗೊತ್ತು. ಅಯ್ಯೋ ಪಾಪ ಎನಿಸಿತು, ನಿಜ. ಆದರೂ ಬಾಯಿ ಬಿಗಿಹಿಡಿಯಲಿಲ್ಲ.

"ಅತ್ತೆ, ನಿಮ್ಮ ಕಾಲನ್ನ ಯಾರ ಕಾಲ್ಗುಣ ತಿಂತು?"

ಅತ್ತೆ ಹಾಗೆಯೇ ಕುಸಿದು ಕೂತು, ತೊಡೆಯ ಮೇಲಿದ್ದ ತನ್ನ ಕೈಗಳನ್ನೇ ನೋಡಿಕೊಂಡಳು. ಶುಭಕಾರ್ಯದ ಹೊತ್ತಿನಲ್ಲಿ ಹಾಗೆ ಕೇಳಬಾರದಿತ್ತು ಎಂದು ನೆಂಟರು ಇವತ್ತಿಗೂ ಹೇಳುತ್ತಾರೆ. ಕೇಳಿದ್ದು ಸರಿ ಎಂದೇ ನಾನು ಇವತ್ತಿಗೂ ಹೇಳುತ್ತೇನೆ.

ಆಗ ಗೋಡೆಯ ಬದಿಯ ಕುರ್ಚಿಯಿಂದ ಅಪ್ಪನ ದನಿ ಬಂತು. "ಅವಳ್ನ ಒಳಕ್ ಕರಿಯಮ್ಮಿ."

ನಾನು ತಿರುಗಿ ನೋಡಿದರೆ ಅವ್ವ ಆಗಲೇ ಮುಂಬಾಗಿಲಿನಲ್ಲಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅತ್ತೆಯ ಕಡೆ ಅವಳು ನೋಡಲೇ ಇಲ್ಲ, ಅಪ್ಪನನ್ನೇ ದಿಟ್ಟಿಸಿದಳು.

"ಇವತ್ ಬಂತಾ ಬಾಯಿ?"

ಹಾಗೆಂದವಳೇ ಒಳಗೆ ಬಂದಳು. ಬಲಗಾಲಿಟ್ಟಳೋ ಎಡಗಾಲಿಟ್ಟಳೋ ನಾನು ನೋಡಲಿಲ್ಲ, ಅವಳೂ ನೋಡಿಕೊಳ್ಳಲಿಲ್ಲ. ಊಟಕ್ಕೆ ಹಾಸಿದ್ದ ಜಮಖಾನದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಬಡಿಸಲು ನಿಂತಿದ್ದವರಿಗೆ ಹೇಳಿದಳು:

"ಎಲೆ ಆಕ್ರವ್ವ. ಒಟ್ಟೆ ಅಸ್ದದೆ."