ವೀಣಾ ಖಾಲಿ ಬಿಟ್ಟ ಸಾಲು

ನಾನು ಕದ್ದು ಓದುತ್ತಿದ್ದೆ. ಅದೂ ಅನುವಾದವನ್ನು — ಮೂಲ ಓದಿದವನಂತೆ ನಟಿಸುತ್ತ, ನನ್ನನ್ನು ಅಣ್ಣ ಎಂದು ಕರೆಯುವವಳ ಎದುರಿಗೇ.

ಲಾಕ್‌ಡೌನ್ ಬಂದು ಕಚೇರಿಗಳು ಮುಚ್ಚಿದಾಗ, ಹಳೆಯ ಮೇಜು ಕುರ್ಚಿ ಕೊಂಡು ಮಾರುವ ನನ್ನ ವ್ಯಾಪಾರವೂ ಮಲಗಿತು. ನಾನು ಡಚ್ ನಾಡಿನ ಬೈಟನ್‌ವೆಲ್ಡರ್ಟ್ ಬಡಾವಣೆಯ ಮನೆಯಲ್ಲಿ. ನನ್ನನ್ನು ಅಣ್ಣ ಎನ್ನುವ ಉಡುಪಿಯ ಗೆಳತಿ ವೀಣಾ, ಕೆಲಸದ ಲ್ಯಾಬ್ ಮುಚ್ಚಿದ್ದರಿಂದ, ಅದೇ ನಾಡಿನ ಲೈಡನ್ ಊರಿನ ಒಂಟಿ ಕೋಣೆಯಲ್ಲಿ. ಗ್ರೀಕ್ ಕಲಿಯೋಣ ಎಂದವಳು ಅವಳೇ. ವ್ಯಾಕರಣದ ಮೊದಲ ಪುಸ್ತಕ ಮುಗಿಸಿ ಒಂದು ಹಳೆಯ ನಾಟಕಕ್ಕೆ ಕೈ ಹಾಕಿದೆವು. ಭಾನುವಾರ ವಿಡಿಯೊದಲ್ಲಿ ಓದು. ನಿಯಮ ಒಂದೇ — ಮೊದಲು ಗ್ರೀಕ್ ಓದಿ ನಮ್ಮದೇ ಕನ್ನಡ ಮಾಡಬೇಕು. ಇಂಗ್ಲಿಷ್, ಡಚ್ ಅನುವಾದಗಳನ್ನು ಆಮೇಲೆ ಒಟ್ಟಿಗೆ ತೆರೆಯಬೇಕು.

ನಾನು ಶನಿವಾರವೇ ತೆರೆಯುತ್ತಿದ್ದೆ. ಎರಡು ಕಡೆ ದರ ಕೇಳಿ ನಡುವೆ ಕುದುರಿಸುವುದು ನನ್ನ ಕಸುಬು. ಎರಡು ಅನುವಾದಗಳ ನಡುವೆಯೂ ಹಾಗೆಯೇ ಕುದುರಿಸಿದೆ. ನನ್ನ ಕನ್ನಡ ನೀರಿನಂತೆ ಹರಿಯಿತು. ಅವಳದು ತಡವರಿಸಿತು.

ನಾಟಕದಲ್ಲಿ ತಾಯಿಯೊಬ್ಬಳಿಗೆ ಮಗ ಸತ್ತ ಸುದ್ದಿ ಬರುತ್ತದೆ. ನಾನು ಗತ್ತಿನಿಂದ ಓದಿದೆ: "ಅಯ್ಯೋ ವಿಧಿಯೇ, ನನ್ನನ್ನೇಕೆ ಉಳಿಸಿದೆ!"

ವೀಣಾ ಆ ಸಾಲನ್ನು ಖಾಲಿ ಬಿಟ್ಟಿದ್ದಳು. "ಎಂಥ ಮಾರಾಯ್ರೆ, ನಿಮಗೆ ಇಷ್ಟೆಲ್ಲ ಎಲ್ಲಿ ಕಂಡಿತು? ನನಗೆ ಬರೀ ಕೂಗು ಕೇಳ್ತದೆ."

"ಗಮನ ಇಟ್ಟು ಓದಬೇಕು ವೀಣಾ," ಎಂದೆ. ಹೌದು — ಬುದ್ಧಿ ಬೇರೆ ಹೇಳಿದೆ!

"ನನ್ನ ತಲೆಗೆ ಇದು ಹತ್ತುದಿಲ್ಲ ಅಣ್ಣ. ನೀವು ಓದಿ." ಮುಂದಿನ ಭಾನುವಾರ ಅವಳು ಬರಲಿಲ್ಲ, ಅದರಾಚೆಗೂ ಬರಲಿಲ್ಲ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ — ಗೆದ್ದ ಚೌಕಾಸಿಯನ್ನು ಬಿಟ್ಟುಕೊಟ್ಟು ನನಗೆ ಅಭ್ಯಾಸವಿರಲಿಲ್ಲ...

ಮೆಚ್ಚುವವರಿಲ್ಲದ ಮೇಲೆ ಕದ್ದು ಏನು ಲಾಭ? ಅನುವಾದಗಳನ್ನು ಮುಚ್ಚಿಟ್ಟು ಆ ಚಳಿಗಾಲವೆಲ್ಲ ಗ್ರೀಕ್ ಕಲಿತೆ, ಈ ಸಲ ನಿಜವಾಗಿ. ಒಂದು ಬೆಳಿಗ್ಗೆ ಅದೇ ಪುಟ ಬಂತು. ಓದಿದೆ — ವಿಧಿಯೂ ಇಲ್ಲ, ಉಳಿಸಿದ್ದೂ ಇಲ್ಲ. ಬರೀ ಕೂಗು. ಎದೆಯಿಂದ ಹೊರಟು ಮಾತಾಗದೆ ಹೋದ ಸದ್ದು. ಅನುವಾದಕರಿಬ್ಬರೂ ಅದಕ್ಕೆ ಮಾತು ತೊಡಿಸಿದ್ದರು. ಖಾಲಿ ಬಿಟ್ಟವಳೇ ಸರಿಯಾಗಿ ಓದಿದ್ದಳು! ಸೋತು ಇಷ್ಟು ಕುಣಿದದ್ದು ಜೀವನದಲ್ಲಿ ಅದೊಂದೇ ಸಲ.

ಲೈಡನ್‌ಗೆ ರೈಲು ಹತ್ತಿದೆ. ಕಾಲುವೆಯ ಪಕ್ಕದ ಬೆಂಚಿನ ಎರಡು ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವಳು ನನ್ನತ್ತ ತಿರುಗಿದಳು.

"ಹಾಗಾದ್ರೆ ನಾನು ದಡ್ಡಿ ಅಲ್ಲ?"

"ಅಲ್ಲ. ನಾನು ಕಳ್ಳ."

"ಕಳ್ಳನೂ ಹೌದು, ದಲ್ಲಾಳಿಯೂ ಹೌದು. ಪುಸ್ತಕ ತೆಗೀರಿ ಈಗ."

ಮಾಸ್ಕ್ ಕೆಳಗೆಳೆದು ಆ ಸಾಲನ್ನು ಓದಿದಳು — ಓದಿದಳೇ? ಕೂಗಿದಳು! ಬಾತುಗಳು ಹಾರಿದವು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಬ್ರೇಕ್ ಹಾಕಿ ತಿರುಗಿ ನೋಡಿದ. ಅಷ್ಟು ಶತಮಾನಗಳ ದುಃಖ ನಡುವೆ ಯಾರ ಕೈಯನ್ನೂ ದಾಟದೆ ನೇರ ನಮಗೆ ತಲುಪಿತ್ತು.

ನನ್ನ ಮಾತು ಕೇಳಿ: ಅನುವಾದ ಒಳ್ಳೆಯ ದಲ್ಲಾಳಿ, ಪಕ್ಕದಲ್ಲಿರಲಿ, ಸರಕನ್ನು ಮಾತ್ರ ಕಣ್ಣಾರೆ ನೋಡಿ.

ಆ ನಾಟಕ ಮುಗಿಸಿದೆವು. ಆಮೇಲೆ ಇನ್ನೂ ಹಲವು. ಈಗ ಮೊದಲು ಓದುವವಳು ವೀಣಾ. ಆದರೆ ಆ ಒಂದು ಚಳಿಗಾಲ, ಆ ಒಂಟಿ ಕೋಣೆಯಲ್ಲಿ, ತಾನು ದಡ್ಡಿ ಎಂದುಕೊಂಡು ಅವಳು ಕೂತಿದ್ದಳು — ಅದನ್ನು ಯಾವ ಭಾಷೆಗೆ ತಿರುಗಿಸಿದರೂ ನನ್ನ ತಪ್ಪೇ.